ಶಾಪ, ವೇಷ ಮತ್ತು ಪ್ರೇಮ: ನಮ್ಮ ಅದ್ಭುತ ಕಥೆಗಳನ್ನು ಓದುವ ಬಗೆ

ಕನ್ನಡದಲ್ಲಿ ಅದ್ಭುತ ಕಥೆಗಳಿಗೆ ಎಂದೂ ಬರಗಾಲ ಬಂದದ್ದಿಲ್ಲ. ಕೊಳದಲ್ಲಿ ಮಿಂದು ಎದ್ದ ಅರಸ ಹೆಣ್ಣಾಗುತ್ತಾನೆ, ಹುಡುಗಿ ಹೂವಿನ ಮರವಾಗುತ್ತಾಳೆ, ಹಾವು ರಾತ್ರಿಯ ಹೊತ್ತು ಗಂಡನ ರೂಪ ತಾಳಿ ಮನೆಯೊಳಗೆ ಬರುತ್ತದೆ. ಇವನ್ನೆಲ್ಲ ನಾವು ಅಜ್ಜಿಯರ ಬಾಯಿಂದ ಕೇಳಿದ್ದೇವೆ, ಆಟದ ರಂಗದಲ್ಲಿ ಕಂಡಿದ್ದೇವೆ, ಕಾವ್ಯಗಳಲ್ಲಿ ಓದಿದ್ದೇವೆ. ಆದರೆ ಈ ಕಥೆಗಳಲ್ಲಿ ಇಬ್ಬರು ಗಂಡಸರು ಅಥವಾ ಇಬ್ಬರು ಹೆಂಗಸರು ಪರಸ್ಪರ ಪ್ರೀತಿಸಿ, ಕಥೆ ಮುಗಿಯುವಾಗ ಒಂದೇ ಮನೆಯಲ್ಲಿ ದೀಪ ಹಚ್ಚಿಕೊಂಡು ಬಾಳಿದರು ಎಂಬ ಮಾತು ಎಷ್ಟು ಕಡೆ ಬರುತ್ತದೆ? ಹುಡುಕುತ್ತ ಹೋದರೆ ಕೈಗೆ ಸಿಗುವುದು ತೀರ ಕಡಿಮೆ. ಗಂಡು ಹೆಣ್ಣಾಗುವುದನ್ನು ಇಷ್ಟು ಸಲೀಸಾಗಿ ಒಪ್ಪಿಕೊಂಡ ಕಥನ ಪರಂಪರೆಯೊಂದು, ಗಂಡು ಗಂಡನ್ನೇ ಒಲಿಯುವುದನ್ನು ಹೇಳುವಾಗ ಏಕೆ ತಡವರಿಸುತ್ತದೆ? ಒಬ್ಬ ಓದುಗನಾಗಿ ಈ ಪ್ರಶ್ನೆಯನ್ನು ಇಟ್ಟುಕೊಂಡು ನಮ್ಮ ಕಥೆಗಳ ಇತಿಹಾಸದಲ್ಲಿ ಒಂದು ಸುತ್ತು ಬರುವುದು ಈ ಲೇಖನದ ಉದ್ದೇಶ.

ಮೊದಲು ಒಂದು ಮಾತು ಪದಗಳ ಬಗ್ಗೆ. ಇಂಗ್ಲಿಷಿನಲ್ಲಿ ಇಂದು 'ಕ್ವಿಯರ್' ಪ್ರೇಮ ಕಾದಂಬರಿ, 'ಕ್ವಿಯರ್' ಅದ್ಭುತ ಕಾದಂಬರಿ ಎಂಬ ವಿಭಾಗಗಳೇ ಇವೆ. ಪುಸ್ತಕದಂಗಡಿಗಳಲ್ಲಿ ಅವುಗಳಿಗೆ ಪ್ರತ್ಯೇಕ ಕಪಾಟುಗಳಿವೆ. ಒಂದು ಕಾಲಕ್ಕೆ ಬೈಗುಳವಾಗಿದ್ದ ಆ ಶಬ್ದವನ್ನು ಬೈಸಿಕೊಂಡವರೇ ಎತ್ತಿಕೊಂಡು ತಮ್ಮ ಹೆಸರಾಗಿ ಮಾಡಿಕೊಂಡರು. ಕನ್ನಡದಲ್ಲಿ ನಾವು ಬಹುಕಾಲ ಬಳಸಿದ ಪದ 'ಸಲಿಂಗಕಾಮ'. ಗಂಡು ಹೆಣ್ಣಿನ ಒಲವಿಗೆ ಪ್ರೀತಿ, ಪ್ರೇಮ, ಅನುರಾಗ, ದಾಂಪತ್ಯ ಎಂದು ಹತ್ತು ಮಾತು ಇಟ್ಟುಕೊಂಡ ಭಾಷೆ, ಈ ಒಲವಿಗೆ ಮಾತ್ರ ಕಾಮ ಎಂಬ ಒಂದೇ ಮಾತನ್ನು ಅಂಟಿಸಿತು. 'ಲೈಂಗಿಕ ಅಲ್ಪಸಂಖ್ಯಾತರು' ಎಂಬ ಪದ ಆಮೇಲೆ ಬಂದಿತು. ಅದು ಹಕ್ಕಿನ ಹೋರಾಟಕ್ಕೆ ಹೊಂದುತ್ತದೆಯೇ ಹೊರತು ಪ್ರೇಮಪತ್ರಕ್ಕೆ ಹೊಂದುವುದಿಲ್ಲ. ಹೆಸರಿಲ್ಲದ ಪ್ರೀತಿಯ ಕಥೆಯನ್ನು ಬರೆಯುವುದು ಎಷ್ಟು ಕಷ್ಟವೆಂಬುದು ಇದರಿಂದಲೇ ತಿಳಿಯುತ್ತದೆ.

ಸ್ಥೂಣಾಕರ್ಣನ ಉಪಕಾರ

ನಮ್ಮ ಅತ್ಯಂತ ಹಳೆಯ ಉದಾಹರಣೆ ವ್ಯಾಸಭಾರತದ ಉದ್ಯೋಗಪರ್ವದಲ್ಲಿದೆ. ಶಿಖಂಡಿಯ ಕಥೆಯನ್ನು ನಾವು ಸಾಮಾನ್ಯವಾಗಿ ಭೀಷ್ಮನ ಶರಶಯ್ಯೆಯಿಂದ ಹಿಂದಕ್ಕೆ ಓದುತ್ತೇವೆ. ಅಂಬೆಯ ಸೇಡು ತೀರಿತು ಎಂದು ಮುಗಿಸುತ್ತೇವೆ. ನಡುವೆ ಇರುವ ಭಾಗವನ್ನು ನಿಧಾನವಾಗಿ ಓದಬೇಕು. ದ್ರುಪದನಿಗೆ ಹೆಣ್ಣು ಮಗು ಹುಟ್ಟುತ್ತದೆ. ಮುಂದೆ ಅವಳು ಗಂಡಾಗುವಳೆಂದು ಶಿವನ ವರವಿದ್ದುದರಿಂದ ತಂದೆ ತಾಯಿ ಅವಳನ್ನು ಮಗನೆಂದೇ ಬೆಳೆಸುತ್ತಾರೆ, ದಶಾರ್ಣ ದೇಶದ ರಾಜಕುಮಾರಿಯನ್ನು ತಂದು ಮದುವೆಯನ್ನೂ ಮಾಡುತ್ತಾರೆ. ಗುಟ್ಟು ರಟ್ಟಾಗುತ್ತದೆ. ಮಾವನಾದ ಹಿರಣ್ಯವರ್ಮ ದಂಡೆತ್ತಿ ಬರುತ್ತೇನೆಂದು ದೂತರನ್ನು ಕಳಿಸುತ್ತಾನೆ. ತನ್ನಿಂದ ತಂದೆ ತಾಯಿಗೆ ಈ ಗತಿ ಬಂದಿತಲ್ಲ ಎಂದು ಶಿಖಂಡಿನಿ ಪ್ರಾಣ ಬಿಡುವ ನಿಶ್ಚಯದಿಂದ ಕಾಡಿಗೆ ಹೋಗುತ್ತಾಳೆ.

ಅಲ್ಲಿ ಅವಳಿಗೆ ಸಿಗುವವನು ಸ್ಥೂಣಾಕರ್ಣನೆಂಬ ಯಕ್ಷ. ಅವನು ಅವಳನ್ನು ನಗುವುದಿಲ್ಲ, ಶಪಿಸುವುದಿಲ್ಲ. ಸ್ವಲ್ಪ ಕಾಲದ ಮಟ್ಟಿಗೆ ತನ್ನ ಗಂಡಸುತನವನ್ನು ಅವಳಿಗೆ ಕೊಟ್ಟು, ಅವಳ ಹೆಣ್ತನವನ್ನು ತಾನು ಪಡೆಯುತ್ತಾನೆ. ಈ ನಡುವೆ ಕುಬೇರ ಅವನ ಮನೆಗೆ ಬರುತ್ತಾನೆ. ಹೆಣ್ಣಾದ ಯಕ್ಷ ನಾಚಿಕೆಯಿಂದ ಹೊರಗೆ ಬರುವುದಿಲ್ಲ. ಕುಪಿತನಾದ ಕುಬೇರ, ಶಿಖಂಡಿ ಸಾಯುವ ತನಕ ನೀನು ಹೀಗೆಯೇ ಇರು ಎಂದು ಶಾಪ ಕೊಡುತ್ತಾನೆ. ಮಾತು ಕೊಟ್ಟಂತೆ ಗಂಡಸುತನವನ್ನು ಹಿಂದಿರುಗಿಸಲು ಶಿಖಂಡಿ ಬಂದಾಗ, ಯಕ್ಷ ನಡೆದದ್ದನ್ನು ಹೇಳಿ ಅವನನ್ನು ಕಳಿಸಿಕೊಡುತ್ತಾನೆ.

ಇಡೀ ಪ್ರಸಂಗದಲ್ಲಿ ನನಗೆ ದೊಡ್ಡವನಾಗಿ ಕಾಣುವವನು ಈ ಯಕ್ಷನೇ. ಕೊಟ್ಟದ್ದು ಎರವಲು, ಕಳೆದುಕೊಂಡದ್ದು ಬಹುತೇಕ ಒಂದು ಆಯುಷ್ಯ. ಆದರೂ ಅವನು ಗೊಣಗಲಿಲ್ಲ. ಆದರೆ ಕಥೆ ಕೇಳದೆ ಬಿಟ್ಟ ಒಂದು ಪ್ರಶ್ನೆಯಿದೆ. ದಶಾರ್ಣದ ಆ ರಾಜಕುಮಾರಿಗೆ ಏನು ಬೇಕಾಗಿತ್ತು? ಅವಳಿಗೆ ಕಥೆ ಒಂದು ಹೆಸರನ್ನೂ ಕೊಡುವುದಿಲ್ಲ. ಇಬ್ಬರು ಹೆಣ್ಣುಮಕ್ಕಳು ಒಂದೇ ಅಂತಃಪುರದಲ್ಲಿದ್ದ ಆ ದಿನಗಳು ಹೇಗೆ ಕಳೆದವು ಎಂಬುದರ ಬಗ್ಗೆ ಮಹಾಕವಿ ಮೌನಿ. ಅವಳ ದೂರು ದಾದಿಯರ ಮೂಲಕ ತವರಿಗೆ ಹೋಯಿತು ಎಂಬಷ್ಟೇ ನಮಗೆ ಗೊತ್ತು. ಇಲ್ಲಿ ಒಂದು ಮಾದರಿ ಸಿದ್ಧವಾಯಿತು: ಮದುವೆಯಾದ ಇಬ್ಬರೂ ಹೆಣ್ಣಾದರೆ, ಅವರಲ್ಲಿ ಒಬ್ಬಳ ದೇಹವನ್ನು ಬದಲಿಸಿ ಕಥೆಯನ್ನು ಸರಿಪಡಿಸು. ಅದ್ಭುತ ಎಂಬುದು ಇಲ್ಲಿ ರಿಪೇರಿಯ ಸಲಕರಣೆ.

ಬಾಗಿಲು ತೆರೆದು ಮುಚ್ಚುವ ಕಥೆಗಳು

ಇದೇ ಮಾದರಿ ಬೇರೆ ಬೇರೆ ರೂಪದಲ್ಲಿ ಬರುತ್ತದೆ. ಪಾರ್ವತಿಯ ಸಂಬಂಧವಾಗಿ ನಿಷಿದ್ಧವಾದ ವನವನ್ನು ಹೊಕ್ಕ ಸುದ್ಯುಮ್ನ ಇಳೆಯಾಗುತ್ತಾನೆ. ಬುಧನನ್ನು ಕೂಡಿ ಪುರೂರವನನ್ನು ಹೆರುತ್ತಾಳೆ. ಕೊನೆಗೆ ಒಂದು ತಿಂಗಳು ಗಂಡು, ಒಂದು ತಿಂಗಳು ಹೆಣ್ಣು ಎಂಬ ಒಪ್ಪಂದಕ್ಕೆ ಕಥೆ ಬಂದು ನಿಲ್ಲುತ್ತದೆ. ಸೋಮದೇವನ ಕಥಾಸರಿತ್ಸಾಗರ 11ನೆಯ ಶತಮಾನದ್ದು. ಅದರೊಳಗಿನ ಬೇತಾಳ ಕಥೆಯೊಂದರಲ್ಲಿ ಬ್ರಾಹ್ಮಣ ಯುವಕನೊಬ್ಬ ಗುಳಿಗೆಯನ್ನು ಬಾಯಲ್ಲಿಟ್ಟುಕೊಂಡು ಹೆಣ್ಣಾಗಿ ರಾಜಕುಮಾರಿಯ ಅಂತಃಪುರವನ್ನು ಸೇರುತ್ತಾನೆ. ಗುಳಿಗೆ ತೆಗೆದರೆ ಗಂಡು, ಇಟ್ಟುಕೊಂಡರೆ ಹೆಣ್ಣು. ಬೇತಾಳ ಕೇಳುವ ಪ್ರಶ್ನೆ, ರಾಜಕುಮಾರಿ ನ್ಯಾಯವಾಗಿ ಯಾರ ಹೆಂಡತಿ ಎಂಬುದು. ಅವಳು ಯಾವ ರೂಪವನ್ನು ಮೊದಲು ಮೆಚ್ಚಿದಳು ಎಂದು ಬೇತಾಳನೂ ಕೇಳಲಿಲ್ಲ, ವಿಕ್ರಮನೂ ಹೇಳಲಿಲ್ಲ.

ಕನ್ನಡಕ್ಕೆ ಬಂದರೆ ಲಕ್ಷ್ಮೀಶನ ಜೈಮಿನಿ ಭಾರತವನ್ನು ನೆನೆಯಲೇಬೇಕು. ನಮ್ಮ ಹಳ್ಳಿಗಳ ಜಗಲಿಗಳಲ್ಲಿ ಅದನ್ನು ರಾಗವಾಗಿ ಓದಿ ಅರ್ಥ ಹೇಳಿದ ತಲೆಮಾರುಗಳಿವೆ. ಅಶ್ವಮೇಧದ ಕುದುರೆಯ ಬೆನ್ನು ಹತ್ತಿದ ಅರ್ಜುನ ಪ್ರಮೀಳೆಯ ಸ್ತ್ರೀರಾಜ್ಯಕ್ಕೆ ಬರುತ್ತಾನೆ. ಅಲ್ಲಿ ಆಳುವವರೂ ಹೆಂಗಸರೇ, ಕಾದುವವರೂ ಹೆಂಗಸರೇ. ಪ್ರಮೀಳೆ ಕುದುರೆಯನ್ನು ಕಟ್ಟುತ್ತಾಳೆ, ಅರ್ಜುನನಿಗೆ ಸಮನಾಗಿ ನಿಲ್ಲುತ್ತಾಳೆ. ಕೊನೆಗೆ ಅವಳನ್ನು ವರಿಸುವುದಾಗಿ ಅರ್ಜುನ ಒಪ್ಪಿದ ಮೇಲೆ ಕುದುರೆ ಬಿಡುಗಡೆಯಾಗುತ್ತದೆ. ಹೆಂಗಸರೇ ತುಂಬಿದ ಒಂದು ರಾಜ್ಯವನ್ನು ಕಟ್ಟುವ ಧೈರ್ಯ ಆ ಕಲ್ಪನೆಗಿದೆ. ಆದರೆ ಅವರು ತಮ್ಮತಮ್ಮೊಳಗೆ ಹೇಗೆ ಬಾಳಿದರು, ಯಾರಿಗೆ ಯಾರು ಆಸರೆಯಾದರು ಎಂದು ಹೇಳುವ ಮೊದಲೇ ಮದುವೆಯ ಮಾತು ಬಂದು ಬಾಗಿಲು ಮುಚ್ಚಿಕೊಳ್ಳುತ್ತದೆ.

ಇವೆಲ್ಲಕ್ಕೆ ಹೊರತಾದ ಒಂದು ಕಥೆ ಅನುಶಾಸನಪರ್ವದಲ್ಲಿದೆ, ಭಂಗಾಸ್ವನನದು. ಇಂದ್ರನ ಮುನಿಸಿಗೆ ಗುರಿಯಾದ ಈ ಅರಸ ಕೊಳವೊಂದರಲ್ಲಿ ಮಿಂದು ಹೆಣ್ಣಾಗುತ್ತಾನೆ, ಆಶ್ರಮದಲ್ಲಿ ತಾಪಸನೊಬ್ಬನೊಡನೆ ಬಾಳುತ್ತಾನೆ, ಮಕ್ಕಳನ್ನು ಹೆರುತ್ತಾನೆ. ಕೊನೆಗೆ ಇಂದ್ರನೇ ಪ್ರಸನ್ನನಾಗಿ, ಮತ್ತೆ ಗಂಡಾಗುವೆಯಾ ಎಂದು ಕೇಳಿದಾಗ ಬೇಡ, ಹೆಣ್ಣಾಗಿಯೇ ಇರುತ್ತೇನೆ ಎಂಬ ಉತ್ತರ ಬರುತ್ತದೆ. ಶಾಪವೆಂದು ಬಂದದ್ದನ್ನು ಆಯ್ಕೆಯಾಗಿ ಮಾಡಿಕೊಂಡ ಈ ಪಾತ್ರ ನಮ್ಮ ಆಟ-ನಾಟಕಗಳಲ್ಲಿ ಶಿಖಂಡಿಯಷ್ಟು ಪ್ರಸಿದ್ಧಿ ಪಡೆಯಲಿಲ್ಲ ಎಂಬುದನ್ನು ಗಮನಿಸಬೇಕು. ನಾವು ಯಾವ ಕಥೆಯನ್ನು ಮತ್ತೆ ಮತ್ತೆ ಹೇಳಿಕೊಳ್ಳುತ್ತೇವೆ, ಯಾವುದನ್ನು ಬದಿಗಿಡುತ್ತೇವೆ ಎಂಬುದೂ ಇತಿಹಾಸವೇ.

ಕಥೆಗಾರರು ತಡವರಿಸಿದಲ್ಲಿ ತತ್ತ್ವಜ್ಞರು ಕೆಲವೊಮ್ಮೆ ಮುಂದೆ ಹೋದರು. ಜೈನಶಾಸ್ತ್ರ ದೇಹದ ಲಿಂಗ ಬೇರೆ, ಮನಸ್ಸಿನ ಬಯಕೆ ಬೇರೆ ಎಂದು ವಿಂಗಡಿಸಿ ದ್ರವ್ಯವೇದ, ಭಾವವೇದ ಎಂಬ ಹೆಸರುಗಳನ್ನಿಟ್ಟಿತು. ಬಯಕೆ ಮೂರು ಬಗೆಯದು, ಅದು ದೇಹಕ್ಕೆ ಹೊಂದಿಯೇ ಇರಬೇಕೆಂದಿಲ್ಲ ಎಂಬ ಚರ್ಚೆ ಅಲ್ಲಿದೆ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಅಂದರೆ 9ನೆಯ ಶತಮಾನದಲ್ಲಿ, ಯಾಪನೀಯ ಪಂಥದ ವೈಯಾಕರಣ ಶಾಕಟಾಯನ ಹೆಣ್ಣಿಗೂ ಮೋಕ್ಷವುಂಟು ಎಂದು ವಾದಿಸಿ 'ಸ್ತ್ರೀನಿರ್ವಾಣ ಪ್ರಕರಣ'ವನ್ನು ಬರೆದ. 12ನೆಯ ಶತಮಾನದ ಶರಣರು 'ಶರಣಸತಿ ಲಿಂಗಪತಿ' ಎಂಬ ಭಾವವನ್ನು ಬೆಳೆಸಿದರು. ಗಡ್ಡ ಮೀಸೆಯ ಶರಣನೂ ದೇವರ ಮುಂದೆ ತಾನು ಹೆಂಡತಿ ಎಂದ. ಒಳಗಿರುವ ಆತ್ಮ ಗಂಡೂ ಅಲ್ಲ, ಹೆಣ್ಣೂ ಅಲ್ಲ ಎಂಬ ಮಾತನ್ನು ಜೇಡರ ದಾಸಿಮಯ್ಯ ಆಡಿದ. ಇದನ್ನೆಲ್ಲ ಇಂದಿನ ಅರ್ಥದ ಸಲಿಂಗ ಪ್ರೇಮ ಎಂದು ಎಳೆದು ತರಬಾರದು. ಅದು ಭಕ್ತಿ, ಅದರ ದಾರಿ ಬೇರೆ. ಆದರೆ ಗಂಡು ಹೆಣ್ಣೆಂಬ ಗೆರೆ ಕಲ್ಲಿನಲ್ಲಿ ಕೊರೆದದ್ದಲ್ಲ ಎಂಬ ಅರಿವು ಕನ್ನಡಕ್ಕೆ ಹೊಸತಲ್ಲ ಎಂಬುದಕ್ಕೆ ಇಷ್ಟು ಸಾಕು.

ಕರಾವಳಿಯ ವೇಷ

ಈಗ ನಮ್ಮ ಕಡೆಗೆ ಬರೋಣ. ಬಾಳೆಗುಳಿ ಅಂಕೋಲೆಗೆ ಹೊಂದಿಕೊಂಡ ಊರು. ಕರಾವಳಿಯ ಹೆದ್ದಾರಿಯಿಂದ ಹುಬ್ಬಳ್ಳಿಯ ದಾರಿ ಒಡೆಯುವುದು ಇಲ್ಲಿಯೇ. ಲಾರಿಗಳು ಘಟ್ಟ ಹತ್ತುವ ಈ ಊರಿನ ಸುತ್ತಮುತ್ತ ಹಾಲಕ್ಕಿ ಒಕ್ಕಲಿಗರ ಕೊಪ್ಪಗಳಿವೆ. ಸುಗ್ಗಿಯ ಕಾಲದಲ್ಲಿ ತುರಾಯಿ ಕಟ್ಟಿ ಕುಣಿಯುವ ಹಾಲಕ್ಕಿಗಳ ಕುಣಿತದೊಡನೆ ಹಗರಣವೂ ಬರುತ್ತದೆ. ಹಗರಣದಲ್ಲಿ ಗಂಡಸು ಸೀರೆ ಉಡುತ್ತಾನೆ, ಊರಿನ ದೊಡ್ಡವರನ್ನು ಅಣಕಿಸುತ್ತಾನೆ, ಎಲ್ಲರೂ ನಗುತ್ತಾರೆ. ಅದಕ್ಕೆ ಊರೇ ಒಪ್ಪಿಗೆ ಕೊಟ್ಟಿದೆ.

ಯಕ್ಷಗಾನದ್ದೂ ಇದೇ ಕಥೆ. ಹೊನ್ನಾವರ ತಾಲೂಕಿನ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳವನ್ನು ಕಟ್ಟಿದ್ದು 1934ರಲ್ಲಿ. ಅದೇ ಮನೆತನದ ಕೆರೆಮನೆ ಗಜಾನನ ಹೆಗಡೆಯವರು ಸ್ತ್ರೀವೇಷಕ್ಕೆ ಹೆಸರಾದರು. ಭಸ್ಮಾಸುರ ಮೋಹಿನಿಯ ಆಟವನ್ನು ನೆನಪಿಸಿಕೊಳ್ಳಿ. ರಂಗದ ಮೇಲೆ ಇರುವವನು ಒಬ್ಬ ಗಂಡಸು. ಅವನು ವಿಷ್ಣು. ಆ ವಿಷ್ಣು ಹೆಣ್ಣಿನ ರೂಪ ತಾಳಿದ್ದಾನೆ. ಎದುರಿಗೆ ಮರುಳಾಗಿ ಕುಣಿಯುವವನೂ ಗಂಡಸೇ. ಬೆಳಗಿನ ತನಕ ಕೂತು ನೋಡುವ ಸಾವಿರ ಜನರಲ್ಲಿ ಯಾರಿಗೂ ಇದು ವಿಚಿತ್ರವೆನಿಸುವುದಿಲ್ಲ. ಘಟ್ಟದ ಮೇಲಿನ ಹುಬ್ಬಳ್ಳಿ, ಧಾರವಾಡ, ಬೆಳಗಾವಿಗಳಲ್ಲಿ ಮರಾಠಿಯ ಬಾಲಗಂಧರ್ವರ ಸ್ತ್ರೀಪಾತ್ರಗಳಿಗೆ ಜನ ಮುಗಿಬಿದ್ದದ್ದೂ ಇಂಥದೇ. ಅವರು ಉಟ್ಟ ಸೀರೆಯ ಬಗೆಯನ್ನು ಗೃಹಿಣಿಯರು ಅನುಕರಿಸಿದರು.

ಆದರೆ ಬೆಳಗಾಗುತ್ತದೆ, ಚೌಕಿಯಲ್ಲಿ ಬಣ್ಣ ಒರೆಸಲಾಗುತ್ತದೆ. ರಾತ್ರಿ ದ್ರೌಪದಿಗೆ ಕಣ್ಣೀರಿಟ್ಟವರೇ ಹಗಲು ಸ್ತ್ರೀವೇಷದ ಹುಡುಗನ ನಡಿಗೆಯನ್ನು ಕಂಡು ಸಿಳ್ಳೆ ಹಾಕಿದ ಉದಾಹರಣೆಗಳು ಕರಾವಳಿಯಲ್ಲಿ ಕಡಿಮೆಯೇನಲ್ಲ. ವೇಷಕ್ಕೆ ಇರುವ ರಿಯಾಯಿತಿ ಮನುಷ್ಯನಿಗೆ ಇಲ್ಲ. ಪುರಾಣದಲ್ಲಿ ಶಾಪ ಮಾಡಿದ ಕೆಲಸವನ್ನೇ ರಂಗದ ಮೇಲೆ ವೇಷ ಮಾಡುತ್ತದೆ. ಬೇರೆ ಬಗೆಯ ಪ್ರೀತಿಯನ್ನು ನೋಡಲು ಅವಕಾಶ ಕೊಡುತ್ತದೆ. ಅದು ನಿಜವಲ್ಲ ಎಂಬ ಭರವಸೆಯನ್ನೂ ಜೊತೆಗೇ ಕೊಡುತ್ತದೆ.

1862 ಮತ್ತು ಆನಂತರ

ಉತ್ತರ ಕನ್ನಡದವರಿಗೆ 1862 ಎರಡು ಕಾರಣಕ್ಕೆ ನೆನಪಿರಬೇಕಾದ ವರ್ಷ. ಆ ವರ್ಷ ನಮ್ಮ ಜಿಲ್ಲೆ ಮದ್ರಾಸ್ ಪ್ರಾಂತದಿಂದ ಬೇರೆಯಾಗಿ ಮುಂಬಯಿ ಪ್ರಾಂತಕ್ಕೆ ಸೇರಿತು. ಅದೇ ವರ್ಷದ ಜನವರಿ 1ರಂದು ಭಾರತೀಯ ದಂಡ ಸಂಹಿತೆ ಜಾರಿಗೆ ಬಂದಿತು. ಅದರ 377ನೆಯ ಕಲಮು 'ಪ್ರಕೃತಿಗೆ ವಿರುದ್ಧವಾದ' ಸಂಭೋಗವನ್ನು ಅಪರಾಧವೆಂದು ಸಾರಿತು. ಹಗರಣ ನೋಡಿ ನಕ್ಕು ಮನೆಗೆ ಹೋಗುತ್ತಿದ್ದ ಊರಿಗೆ ಈಗ ಪೊಲೀಸ್ ಠಾಣೆಯ ಕಾಗದದ ಮೇಲೂ ಒಂದು ಹೆಸರು ಸಿಕ್ಕಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆ ಹಿಜಡಾ ಸಮುದಾಯವನ್ನು ದಾಖಲಾತಿಗೆ ಒಳಪಡಿಸುವ ಅಧಿಕಾರವನ್ನೂ ಸರ್ಕಾರಕ್ಕೆ ಕೊಟ್ಟಿತು.

ಕನ್ನಡ ಕಾದಂಬರಿ ಹುಟ್ಟಿ ಬೆಳೆದದ್ದು ಈ ಕಾನೂನಿನ ನೆರಳಿನಲ್ಲಿ. ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' 1899ರಲ್ಲಿ ಬಂದಿತು. ವಿಧವೆಯ ಮರುಮದುವೆಯನ್ನು ಹೇಳಲು ಹೊಸ ಕಾದಂಬರಿ ಹಿಂಜರಿಯಲಿಲ್ಲ. ಅ.ನ.ಕೃ. ವೇಶ್ಯಾ ಸಮಸ್ಯೆಯನ್ನು ಕುರಿತು 'ನಗ್ನಸತ್ಯ', 'ಶನಿಸಂತಾನ', 'ಸಂಜೆಗತ್ತಲು' ಬರೆದಾಗ ಅಶ್ಲೀಲವೆಂಬ ಕೂಗೆದ್ದಿತು. ಅವರು 'ಸಾಹಿತ್ಯ ಮತ್ತು ಕಾಮಪ್ರಚೋದನೆ' ಎಂಬ ಪುಸ್ತಕವನ್ನೇ ಬರೆದು ಉತ್ತರ ಕೊಟ್ಟರು. ತ್ರಿವೇಣಿ ಹೆಣ್ಣಿನ ಮನಸ್ಸಿನ ಕತ್ತಲ ಕೋಣೆಗಳಿಗೆ ದೀಪ ಹಿಡಿದರು. ಇಷ್ಟು ದೂರ ನಡೆದ ಕಾದಂಬರಿ ಸಲಿಂಗ ಪ್ರೇಮದ ಹೊಸ್ತಿಲಲ್ಲಿ ಮಾತ್ರ ನಿಂತುಬಿಟ್ಟಿತು. ವಾಸ್ತವವಾದಿ ಕಾದಂಬರಿ ಪುರಾಣದ ಶಾಪ-ವರಗಳನ್ನು ಕೈಬಿಟ್ಟಿತ್ತು. ಭೈರಪ್ಪನವರ 'ಪರ್ವ' (1979) ಮಹಾಭಾರತದಿಂದಲೇ ಪವಾಡಗಳನ್ನು ತೆಗೆದಿಟ್ಟಿತು. ಮರೆಯಾಗಿ ನಿಲ್ಲಲು ಇದ್ದ ಅದ್ಭುತದ ತೆರೆ ಹೋಯಿತು. ನೇರವಾಗಿ ಹೇಳುವ ಧೈರ್ಯ ಇನ್ನೂ ಬಂದಿರಲಿಲ್ಲ. ಆ ತೆರೆಯನ್ನು ಜತನವಾಗಿ ಕಾಪಾಡಿದ್ದು ನಾಟಕ. ಚಂದ್ರಶೇಖರ ಕಂಬಾರರಿಗೆ 1991ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದ 'ಸಿರಿಸಂಪಿಗೆ'ಯಲ್ಲಿ, ತನ್ನ ದೇಹದ ಅರ್ಧದಲ್ಲೇ ತನ್ನ ಕನ್ಯೆ ಇದ್ದಾಳೆಂದು ನಂಬಿದ ರಾಜಕುಮಾರ ತನ್ನನ್ನು ಎರಡಾಗಿ ಸೀಳಿಸಿಕೊಳ್ಳುತ್ತಾನೆ.

ಹೊರಗಿನ ಲೋಕದಲ್ಲೂ ಅದ್ಭುತಕ್ಕೆ ಇದ್ದ ರಕ್ಷಣೆ ವಾಸ್ತವಕ್ಕೆ ಇರಲಿಲ್ಲ. 1928ರ ಇಂಗ್ಲೆಂಡನ್ನು ನೋಡಿ. ಆ ವರ್ಷ ರ್ಯಾಡ್‌ಕ್ಲಿಫ್ ಹಾಲ್ ಬರೆದ 'ದಿ ವೆಲ್ ಆಫ್ ಲೋನ್ಲಿನೆಸ್' ಹೆಣ್ಣೊಬ್ಬಳು ಹೆಣ್ಣನ್ನು ಪ್ರೀತಿಸುವುದನ್ನು ನೇರವಾಗಿ ಹೇಳಿತು. ಲಂಡನ್ನಿನ ನ್ಯಾಯಾಲಯ ಅದನ್ನು ಅಶ್ಲೀಲವೆಂದು ನಾಶಪಡಿಸಲು ಆಜ್ಞೆ ಮಾಡಿತು. ಅದೇ ವರ್ಷ ವರ್ಜೀನಿಯಾ ವುಲ್ಫ್ ಬರೆದ 'ಒರ್ಲ್ಯಾಂಡೊ'ದಲ್ಲಿ ನಾಯಕ ನಿದ್ದೆಯಿಂದ ಎದ್ದು ಹೆಣ್ಣಾಗುತ್ತಾನೆ, ಶತಮಾನಗಳ ಕಾಲ ಬದುಕುತ್ತಾನೆ. ಅದಕ್ಕೆ ಯಾರೂ ಮೊಕದ್ದಮೆ ಹೂಡಲಿಲ್ಲ. ನಮ್ಮಲ್ಲಿ 1942ರಲ್ಲಿ 'ಲಿಹಾಫ್' ಎಂಬ ಉರ್ದು ಕಥೆ ಬರೆದ ಇಸ್ಮತ್ ಚುಗ್ತಾಯಿ ಲಾಹೋರಿನ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ಕೊನೆಗೆ ಅವರ ಮೇಲಿನ ಆರೋಪ ನಿಲ್ಲಲಿಲ್ಲ. ಇ. ಎಂ. ಫಾರ್ಸ್ಟರ್ 1913-14ರಲ್ಲಿ ಬರೆದ 'ಮಾರಿಸ್' ಕಾದಂಬರಿಯನ್ನು ಬದುಕಿರುವ ತನಕ ಪೆಟ್ಟಿಗೆಯಲ್ಲೇ ಇಟ್ಟರು. ಅದು ಅಚ್ಚಾದದ್ದು ಅವರ ಮರಣದ ನಂತರ, 1971ರಲ್ಲಿ. ಇಬ್ಬರು ಗಂಡಸರು ಕೊನೆಗೂ ಜೊತೆಯಾಗಿ ಉಳಿಯಬೇಕು ಎಂಬುದು ಆ ಕಾದಂಬರಿಯ ಬಗ್ಗೆ ಅವರ ಹಟವಾಗಿತ್ತು.

ಮೋಹನಸ್ವಾಮಿ ಬಂದ ಮೇಲೆ

ಕನ್ನಡದಲ್ಲಿ ತೆರೆ ಸರಿದದ್ದು ವಸುಧೇಂದ್ರರಿಂದ. ಬಳ್ಳಾರಿ ಜಿಲ್ಲೆಯ ಸಂಡೂರಿನವರಾದ ಅವರ 'ಮೋಹನಸ್ವಾಮಿ' ಕಥಾಸಂಕಲನ 2013ರಲ್ಲಿ ಪ್ರಕಟವಾಯಿತು. ಅದರ ಮೊದಲ ಕಥೆ ಅದಕ್ಕೆ ಮುನ್ನವೇ, ನಮ್ಮ ಉತ್ತರ ಕನ್ನಡದ ವಿವೇಕ ಶಾನಭಾಗರು ಸಂಪಾದಿಸುತ್ತಿದ್ದ 'ದೇಶಕಾಲ' ಪತ್ರಿಕೆಯಲ್ಲಿ ಬೇರೊಂದು ಹೆಸರಿನಲ್ಲಿ ಅಚ್ಚಾಗಿತ್ತು. ಲೇಖಕ ತನ್ನ ಹೆಸರನ್ನು ಮರೆಮಾಚಿ ಬರೆದದ್ದರಿಂದ ಹಿಡಿದು, ಮುಖಪುಟದ ಮೇಲೆ ಹೆಸರು ಹಾಕಿಸಿ ಪುಸ್ತಕ ತಂದದ್ದರವರೆಗಿನ ದಾರಿಯೇ ಒಂದು ಇತಿಹಾಸ. ಆ ಪುಸ್ತಕದಲ್ಲಿ ಶಾಪವಿಲ್ಲ, ವರವಿಲ್ಲ, ಯಕ್ಷನೂ ಇಲ್ಲ. ಒಲಿದವನು ಹೆಣ್ಣು ನೋಡಿ ಮದುವೆಯಾಗಿ ಹೋಗುವ ಸಂಕಟವಿದೆ. ಸಣ್ಣ ಊರಿನ ಅಣಕವಿದೆ. ಕೊನೆಗೆ ಕಿಲಿಮಂಜಾರೋ ಪರ್ವತವನ್ನು ಹತ್ತುವ ಒಬ್ಬಂಟಿ ಮನುಷ್ಯನಿದ್ದಾನೆ. ರಶ್ಮಿ ತೇರದಾಳ ಅವರ ಇಂಗ್ಲಿಷ್ ಅನುವಾದ 2016ರಲ್ಲಿ ಬಂದಿತು.

ಅದೇ 2013ರ ಡಿಸೆಂಬರ್ 11ರಂದು, ದೆಹಲಿ ಹೈಕೋರ್ಟು 2009ರಲ್ಲಿ ಕೊಟ್ಟಿದ್ದ ಬಿಡುಗಡೆಯನ್ನು ಸುಪ್ರೀಂ ಕೋರ್ಟು ರದ್ದುಮಾಡಿ 377ನೆಯ ಕಲಮನ್ನು ಮತ್ತೆ ಎತ್ತಿ ಹಿಡಿಯಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು ಹೂಡಿದ ಮೊಕದ್ದಮೆಯಲ್ಲಿ 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕೆಂದು ತೀರ್ಮಾನವಾಯಿತು. 2018ರ ಸೆಪ್ಟೆಂಬರ್ 6ರಂದು ವಯಸ್ಕರ ಒಪ್ಪಿಗೆಯ ಸಂಬಂಧ ಅಪರಾಧವಲ್ಲವೆಂದು ಐವರು ನ್ಯಾಯಮೂರ್ತಿಗಳ ಪೀಠ ಸಾರಿತು. 2023ರ ಅಕ್ಟೋಬರ್ 17ರ ತೀರ್ಪು ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಡಲಿಲ್ಲ. ಅದು ಶಾಸನಸಭೆಯ ಕೆಲಸ ಎಂದಿತು. ಒಟ್ಟಿನಲ್ಲಿ, ಪ್ರೀತಿಸಿದರೆ ಜೈಲಿಲ್ಲ, ಆದರೆ ಮದುವೆಯೂ ಇಲ್ಲ ಎಂಬಲ್ಲಿಗೆ ಕಾನೂನು ಬಂದು ನಿಂತಿದೆ.

ಈ ವರ್ಷಗಳಲ್ಲಿ ಆತ್ಮಕಥನಗಳೂ ಕನ್ನಡಕ್ಕೆ ಬಲ ತಂದವು. ಎ. ರೇವತಿಯವರ ಬದುಕಿನ ಕಥೆ ದು. ಸರಸ್ವತಿಯವರ ಕನ್ನಡದಲ್ಲಿ 'ಬದುಕು ಬಯಲು' ಆಗಿ ಬಂದು ನಾಟಕವೂ ಆಯಿತು. ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆಯನ್ನು ಆಧರಿಸಿದ 'ನಾನು ಅವನಲ್ಲ ಅವಳು' ಚಿತ್ರ 2015ರಲ್ಲಿ ತೆರೆಕಂಡಿತು. ಅದರ ಪಾತ್ರಕ್ಕೆ ಸಂಚಾರಿ ವಿಜಯ್ ರಾಷ್ಟ್ರಪ್ರಶಸ್ತಿ ಪಡೆದರು. ಯಲ್ಲಮ್ಮನ ಜೋಗತಿಯಾಗಿ ಕುಣಿದು ಹಾಡಿದ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು.

ಓದುಗನೊಬ್ಬನ ಅಭಿಪ್ರಾಯ

ಇಷ್ಟು ಇತಿಹಾಸದ ಬಲದ ಮೇಲೆ ಕೆಲವು ಅಭಿಪ್ರಾಯಗಳನ್ನು ಹೇಳಬಹುದು.

ಮೊದಲನೆಯದು ಸುಖಾಂತದ ಬಗ್ಗೆ. ನಮ್ಮ ವಿಮರ್ಶೆ ಸುಖಾಂತವನ್ನು ಸ್ವಲ್ಪ ಅನುಮಾನದಿಂದಲೇ ನೋಡುತ್ತದೆ. ವಾರಪತ್ರಿಕೆಯ ಧಾರಾವಾಹಿಗಳ ಸರಕು ಎಂದು ಬದಿಗೆ ಸರಿಸುತ್ತದೆ. ಗಂಡು ಹೆಣ್ಣಿನ ಪ್ರೇಮಕಥೆಗಳು ಸಾವಿರ ಬಾರಿ ಸುಖವಾಗಿ ಮುಗಿದಿರುವುದರಿಂದ ಅಲ್ಲಿ ಈ ಬೇಸರಕ್ಕೆ ಅರ್ಥವಿದೆ. ಆದರೆ ತನ್ನಂಥವರ ಕಥೆ ಶಾಪದಲ್ಲಿ, ನೇಣಿನಲ್ಲಿ, ಇಲ್ಲವೇ ಯಾರದೋ ಮದುವೆಯ ಚಪ್ಪರದಲ್ಲಿ ಮುಗಿಯುವುದನ್ನೇ ಓದುತ್ತ ಬೆಳೆದ ಹುಡುಗನಿಗೆ ಸುಖಾಂತವೆಂಬುದು ಸುದ್ದಿ. ಹೀಗೂ ಬಾಳಬಹುದು ಎಂಬ ಸುದ್ದಿ. ಫಾರ್ಸ್ಟರ್ ಹಟ ಹಿಡಿದದ್ದು ಇದಕ್ಕಾಗಿಯೇ ಎಂದು ನನ್ನ ಎಣಿಕೆ. ಅದು ದುರ್ಬಲ ಮನಸ್ಸಿನ ಲಕ್ಷಣವೆಂದು ನಾನು ಒಪ್ಪಲಾರೆ.

ಎರಡನೆಯದು ಅದ್ಭುತದ ಬಗ್ಗೆ. ಇಂದು ಇಂಗ್ಲಿಷಿನಲ್ಲಿ ಬರುತ್ತಿರುವ ಹಲವು ಅದ್ಭುತ ಕಾದಂಬರಿಗಳು ಸಲಿಂಗ ಪ್ರೇಮಕ್ಕೆ ಯಾರ ಅಡ್ಡಿಯೂ ಇಲ್ಲದ ಲೋಕವನ್ನೇ ಕಟ್ಟಿಬಿಡುತ್ತವೆ. ಟಿ. ಜೆ. ಕ್ಲೂನ್ ಅವರ 'ದಿ ಹೌಸ್ ಇನ್ ದಿ ಸೆರುಲಿಯನ್ ಸೀ' (2020) ಅಂಥದು. ಸಮುದ್ರದ ನಡುವಿನ ದ್ವೀಪದ ಅನಾಥಾಲಯ, ಅಲ್ಲಿ ಮಾಯಾಶಕ್ತಿಯ ಮಕ್ಕಳು, ಅವರನ್ನು ಸಾಕುವವನಿಗೂ ತಪಾಸಣೆಗೆ ಬಂದ ಸರ್ಕಾರಿ ನೌಕರನಿಗೂ ನಡುವೆ ನಿಧಾನವಾಗಿ ಬೆಳೆಯುವ ಪ್ರೀತಿ. ಓದಲು ಹಿತವಾಗಿದೆ. ಅದಕ್ಕೂ ಅರ್ಧ ಶತಮಾನ ಮುಂಚೆ ಅರ್ಸುಲಾ ಲೆಗ್ವಿನ್ 'ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್' (1969) ಕಾದಂಬರಿಯಲ್ಲಿ ಸ್ಥಿರವಾದ ಗಂಡು ಹೆಣ್ಣೆಂಬ ಭೇದವೇ ಇಲ್ಲದ ಹಿಮಗ್ರಹವೊಂದನ್ನು ಕಲ್ಪಿಸಿದರು. ಅಲ್ಲಿಗೆ ಹೋದ ಭೂಮಿಯ ಗಂಡಸಿನ ಪೂರ್ವಗ್ರಹವೇ ಆ ಕಾದಂಬರಿಯ ನಿಜವಾದ ವಿಷಯ. ಇವೆರಡರಲ್ಲಿ ನನಗೆ ಎರಡನೆಯದೇ ಹೆ‌ಚ್ಚು. ಅಡ್ಡಿಯನ್ನು ಅಳಿಸಿಹಾಕುವ ಕಲ್ಪನೆ ವಿಶ್ರಾಂತಿ ಕೊಡುತ್ತದೆ, ಅಡ್ಡಿಯನ್ನು ಹೊಸ ಬೆಳಕಿನಲ್ಲಿ ತೋರಿಸುವ ಕಲ್ಪನೆ ಕಣ್ಣು ಕೊಡುತ್ತದೆ. ದಣಿದವನಿಗೆ ವಿಶ್ರಾಂತಿಯೂ ಬೇಕು ಎಂಬುದನ್ನು ಮಾತ್ರ ಮರೆಯಬಾರದು.

ಮೂರನೆಯದು, ಕನ್ನಡದಲ್ಲಿ ಇಂಥ ಕಾದಂಬರಿ ಬರುವುದಾದರೆ ಅದರ ಕಲ್ಪನಾಲೋಕ ನಮ್ಮದಾಗಿರಬೇಕು. ನಮ್ಮ ಪ್ರೇಮಿಗಳಿಗೆ ಎದುರಾಗುವುದು ರಾಜನ ಸೈನ್ಯವಲ್ಲ. ಜಾತಕ ಹಿಡಿದು ಬರುವ ಸೋದರಮಾವ, ಊಟ ಬಿಟ್ಟು ಕೂರುವ ತಾಯಿ, ತೋಟದ ಪಾಲು, ಜಾತಿ, ಕೇರಿಯ ಬಾಯಿ. ಮೋಹನಸ್ವಾಮಿಯ ಕಥೆಗಳು ಮನಸ್ಸಿಗೆ ತಟ್ಟುವುದು ಈ ಮನೆವಾರ್ತೆ ಅಲ್ಲಿ ಇರುವುದರಿಂದ. ಗುಳಿಗೆಯನ್ನೋ ಮಾಯದ ಕೊಳವನ್ನೋ ತರುವ ಲೇಖಕ ಈ ಮನೆಯನ್ನು ಹೊರಗಿಟ್ಟರೆ, ಕಥೆ ಎರವಲು ಅಂಗಿ ತೊಟ್ಟಂತೆ ಕಾಣುತ್ತದೆ.

ನಾಲ್ಕನೆಯದು ಹೆಣ್ಣಿನ ಬಗ್ಗೆ. ಗಂಡಸರ ಪ್ರೀತಿಗೆ ಒಬ್ಬ ಮೋಹನಸ್ವಾಮಿಯಾದರೂ ಸಿಕ್ಕಿದ. ಹೆಣ್ಣನ್ನು ಪ್ರೀತಿಸುವ ಹೆಣ್ಣಿಗೆ ಕನ್ನಡದಲ್ಲಿ ಅಷ್ಟು ಪರಿಚಿತವಾದ ಹೆಸರು ಇನ್ನೂ ಇಲ್ಲ. ನೆರೆಯ ಮರಾಠಿಯಲ್ಲಿ ವಿಜಯ ತೆಂಡೂಲ್ಕರ್ 1981ರಲ್ಲೇ 'ಮಿತ್ರಾಚಿ ಗೋಷ್ಟ' ನಾಟಕದಲ್ಲಿ ಆ ವಿಷಯವನ್ನು ರಂಗಕ್ಕೆ ತಂದಿದ್ದರು. ಗಂಡಸಿನ ವೇಷ ಹೆಣ್ಣಿಗಿಂತ ಸುಲಭವಾಗಿ ರಂಗ ಹತ್ತುತ್ತದೆ ಎಂಬ ನಮ್ಮ ಹಳೆಯ ರೂಢಿ ಇಲ್ಲಿಯೂ ಕೆಲಸ ಮಾಡುತ್ತಿದೆ.

ಕೊನೆಯದಾಗಿ, ವಿಷಯ ಒಳ್ಳೆಯದೆಂದು ಪುಸ್ತಕ ಒಳ್ಳೆಯದಾಗುವುದಿಲ್ಲ. ಅನುಕಂಪಕ್ಕಾಗಿ ಬೆನ್ನು ತಟ್ಟುವುದು ಆ ಬರಹಕ್ಕೂ ಅವಮಾನ, ಆ ಬದುಕಿಗೂ ಅವಮಾನ. ಬೇರೆ ಪುಸ್ತಕಕ್ಕೆ ಹಾಕುವ ಒರೆಗಲ್ಲನ್ನೇ ಇದಕ್ಕೂ ಹಾಕಬೇಕು. ಆದರೆ ಒರೆಗೆ ಹಚ್ಚಲು ಮೊದಲು ಪುಸ್ತಕ ಕೈಗೆ ಸಿಗಬೇಕು. ಬೆಂಗಳೂರಿನ ಓದುಗನಿಗೆ ಅಂಗಡಿಯಿದೆ, ಗೆಳೆಯರ ಕೂಟಗಳಿವೆ. 1994ರಿಂದಲೇ ಅಲ್ಲಿ 'ಗುಡ್ ಆ್ಯಸ್ ಯು' ಎಂಬ ಗುಂಪು ಸೇರುತ್ತಿತ್ತು. ಬಾಳೆಗುಳಿಯಂಥ ಊರಿನ ಹುಡುಗ ಅಥವಾ ಹುಡುಗಿಗೆ ಇರುವುದು ಪೇಟೆಯ ಗ್ರಂಥಾಲಯ, ಅಲ್ಲಿನ ರಿಜಿಸ್ಟರು, ರಿಜಿಸ್ಟರಿನಲ್ಲಿ ತನ್ನ ಹೆಸರಿನ ಮುಂದೆ ಬರೆಯಬೇಕಾದ ಪುಸ್ತಕದ ಹೆಸರು. ಆ ಸಾಲನ್ನು ಹೆದರದೆ ಬರೆಯುವಂತಾದ ದಿನ ನಮ್ಮ ಓದು ಪ್ರಾಯಕ್ಕೆ ಬಂದಿತೆಂದು ತಿಳಿಯಬಹುದು. ದಿನಕರ ದೇಸಾಯಿಯವರಂಥವರು ಶಾಲೆ ಕಾಲೇಜುಗಳನ್ನು ಕಟ್ಟಿ ಓದು ಕಲಿಸಿದ ತಾಲೂಕು ಇದು. ಓದಲು ಅಂಜಬೇಕಾದ ಪುಸ್ತಕ ಇಲ್ಲಿ ಇರಬಾರದು.

ನಮ್ಮ ಬರಹಗಾರರಿಗೆ ವಿಷಯಕ್ಕಾಗಿ ದೂರ ಹೋಗುವ ಅಗತ್ಯವೂ ಇಲ್ಲ. ಭಂಗಾಸ್ವನ ಕೊಳದ ದಂಡೆಯಲ್ಲಿ ಕಾದಿದ್ದಾನೆ. ಪ್ರಮೀಳೆಯ ರಾಜ್ಯದಲ್ಲಿ ಅರ್ಜುನ ಬರುವುದಕ್ಕೆ ಮುಂಚಿನ ವರ್ಷಗಳನ್ನು ಇನ್ನೂ ಯಾರೂ ಹೇಳಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ದಶಾರ್ಣದ ಆ ರಾಜಕುಮಾರಿ ಇದ್ದಾಳೆ. ಅವಳ ಗಂಡನೆಂದು ಬಂದವಳು ಕಾಡಿಗೆ ಹೋಗಿ ಬದಲಾಗಿ ಬಂದಳು, ಎರಡೂ ಕಡೆಯ ಬೀಗರು ಸಮಾಧಾನಗೊಂಡರು, ಯುದ್ಧ ತಪ್ಪಿತು. ಹಳೆಯ ಮುಖವನ್ನು ಹುಡುಕುತ್ತ ಅವಳು ಹೊಸ ಗಂಡನನ್ನು ನೋಡಿದಳೋ, ನೆಮ್ಮದಿಯ ಉಸಿರು ಬಿಟ್ಟಳೋ ಎಂದು ಯಾರಾದರೂ ಅವಳನ್ನು ಕೇಳಬೇಕು. ಮೊದಲು ಅವಳಿಗೆ ಒಂದು ಹೆಸರಿಡಬೇಕು.